ಎಳ್ಳ ಅಮಾಸಿಗಿಂತ ಮೊದಲ ಬಂದ ಭೋರಡಿ

ಭೋರಡಿ ಹಕ್ಕಿ ಭಾಳ ಚೆಂದ ಅಂತ ಯಾರರೆ ನನ್ನ ಮುಂದ ಅಂದ್ರ ಇವತ್ತಿಗೂ ನನಗ ಮೈ ಉರೀತದ. ಚೆಂದ ಅವ, ಇಲ್ಲ ಅನ್ನಂಗಿಲ್ಲ. ಗುಲಾಬಿ ಮೈ, ಕರಿ ತಲಿ, ಕರಿ ರೆಕ್ಕಿ, ಸಾಳುಂಕಿ, ಅಂದ್ರ ಮೈನಾ ಹಕ್ಕಿಯಷ್ಟ ಗಾತ್ರ. ಥಂಡಿ ದಿನದಾಗ ಎಲ್ಲೋ ದೂರದ ಮುಲುಕಿನಿಂದ ಸಾವಿರಗಟ್ಟಲೆ ಬಂದು ಜ್ವಾಳದ ಹೊಲದ ಮ್ಯಾಲ ಎದ್ದು ಕುಂತು ಎದ್ದು ಕುಂತು ಮಾಡತಾವ. ಸೋಲಾಪುರದಿಂದ ಕೊರಳಾಗ ಕ್ಯಾಮೆರಾ ಹಾಕ್ಕೊಂಡು ಬರೂ ಮಂದಿ "ಕಾಯ್ ಸುಂದರ, ಕಾಯ್ ಸುಂದರ" ಅಂತ ಬಾಯಿ ತಕ್ಕೊಂಡು ನಿಂದರತಾರ. ಸುಂದರ ಅಂತ ಸುಂದರ! ತಮ್ಮ ತಾಟಿನ್ಯಾಗಿನ ರೊಟ್ಟಿ ಕಸಗೊಂಡು ಹಾರಿದ್ರ ಗೊತ್ತಾಗತಿತ್ತು ಸುಂದರ ಎಷ್ಟದ ಅಂತ.

ಹವಾಮಾನ ಬದಲಾಗ್ಯದ, ಹಕ್ಕಿ ಬರೂ ಹೊತ್ತ ತಪ್ಪ್ಯದ ಅಂತ ಈಗ ಸಣ್ಣ ಹುಡುಗರೂ ಹೇಳತಾವ. ತೊಂಬತ್ತರ ದಶಕದಾಗ ಅದನ್ನ ಹೇಳಿದ್ದಕ್ಕ ಗಂಡನ ಮನ್ಯಾಗ ನನ್ನ ಮಾರಿ ಮ್ಯಾಲೇ ನಕ್ರು. ಮೊದಲನೇ ಸಲ ನಕ್ಕದ್ದು ಅವರ ತಪ್ಪಲ್ಲ, ನಾನ ತಪ್ಪ ಹೇಳಿದ್ದೆ. ಎರಡನೇ ಸಲ ಖರೇ ಹೇಳಿದೆ, ಆವಾಗ ಯಾರೂ ಕಿವಿ ಕೊಡಲಿಲ್ಲ. ಈ ಎರಡರ ನಡುವ ನಮ್ಮ ಅತ್ತಿಯ ಜ್ವಾಳ ಹೋತು.

ನಾನು ಸೋಲಾಪುರದಾಗ ಹುಟ್ಟಿ ಬೆಳದಾಕಿ. ಅಪ್ಪ ಕಚೇರ್ಯಾಗ ಕಾರಕೂನ. ನಾನು ವಿಜಾಪುರ ರಸ್ತೆಯ ಒಂದ ಮರಾಠಿ ಸಾಲ್ಯಾಗ ಭೂಗೋಳ ಕಲಸತಿದ್ದೆ. ಗಂಡಂದೂ ಸೋಲಾಪುರದಾಗ ನೌಕರಿ. ಅವರ ಊರು ಅಕ್ಕಲಕೋಟ ದಾಟಿ ದುಧನಿ ಕಡಿ ಹೋಗೂ ದಾರ್ಯಾಗ ಬರತದ. ಅಲ್ಲಿ ಅತ್ತಿ, ಮಾವ, ಎರಿ ಹೊಲ. ಹಬ್ಬಕ್ಕ, ಸೂಟಿಗೆ ನಾವು ಎಸ್ಟಿ ಬಸ್ ಹತ್ತಿ ಹೋಗತಿದ್ವಿ.

ಮಾವಗ ಊರಾಗ ದೊಡ್ಡ ಮಾನ. ಯಾಕಂದ್ರ ಭೋರಡಿಯ ಲೆಕ್ಕ ಅವರ ಕಡಿ ಇತ್ತು. ಪ್ರತಿ ವರ್ಷ ಮೊದಲನೇ ಹಿಂಡು ಕಂಡ ದಿನ ಪಂಚಾಂಗ ತಗದು ಆ ತಿಥಿಯ ಖಾನ್ಯಾಗ ಪೆನ್ಸಿಲಿನಿಂದ "ಭೋರಡಿ ಬಂದ್ವು" ಅಂತ ಬರೀತಿದ್ರು. ಅಷ್ಟ, ಎರಡ ಶಬ್ದ. ಮಳಿ ಬಂದದ್ದಿಲ್ಲ, ಮಗ ಹುಟ್ಟಿದ್ದಿಲ್ಲ, ಬ್ಯಾರೆ ಏನೂ ಬರದಿಲ್ಲ. ಅಂಥ ಮೂವತ್ತ ಪಂಚಾಂಗ ಕೆಂಪ ವಸ್ತ್ರದಾಗ ಕಟ್ಟಿ ದೇವರ ಮನ್ಯಾಗ ಇಟ್ಟಿದ್ರು. ಮುಟ್ಟಬೇಕಾದ್ರ ಕೈಕಾಲ ತೊಳಕೊಂಡ ಬರಬೇಕು. ಹೊರಗ ಒಯ್ಯೂ ಮಾತಂತೂ ಇಲ್ಲೇ ಇಲ್ಲ.

ಇನ್ನ ಎಳ್ಳ ಅಮಾಸಿ. ನಮ್ಮ ಕಡಿ ದೀಪಾವಳಿಗಿಂತ ದೊಡ್ಡ ಹಬ್ಬ ಅದು. ಆ ಹೊತ್ತಿಗೆ ತೆನಿ ಹೊತ್ತ ಹೊಲ ಬಸುರಿ ಅಂತ ಲೆಕ್ಕ. ಸಜ್ಜಿ ರೊಟ್ಟಿ, ಎಣಗಾಯಿ, ಭಜ್ಜಿ ಪಲ್ಯ, ಅಂಬಲಿ ಎಲ್ಲಾ ಬುಟ್ಯಾಗ ಹೊತ್ತು ಹೊಲಕ್ಕ ಹೋಗಬೇಕು, ಪೂಜಿ ಮಾಡಬೇಕು, ಆ ಅಡಿಗಿನ್ನ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಬೇಕು. ಅದಕ್ಕ ಚರಗ ಅಂತಾರ, ಬಸುರಿಗೆ ಬಯಕಿ ಊಟ ಉಣಿಸಿದಂಗ. ಇದು ಎಲ್ಲಾ ಊರಾಗೂ ಅದ. ಮಾವನ ಊರಾಗ ಇದಕ್ಕ ಇನ್ನೊಂದ ಗಂಟ ಹಾಕಿದ್ರು. ಚರಗ ಚೆಲ್ಲೂ ತನಕ ಹೊಲದಾಗ ಹಕ್ಕಿ ಕಾಯೂ ಅಟ್ಟ ಏರಿಸಬಾರದು, ಕವಣಿ ಬೀಸಬಾರದು, ಒದರಬಾರದು. ಬಸುರಿ ಮ್ಯಾಲ ಕಲ್ಲ ಒಗೀತಾರೇನು, ಬಸುರಿ ಕಿವ್ಯಾಗ ಕೂಗ ಹೊಡೀತಾರೇನು?

ಹಿಂದಕ ಇದು ಸುಸೂತ್ರ ನಡೀತಿತ್ತು. ಅಮಾಸಿ ಆಗೂದು, ಮಾವ "ಏರಸ್ರಿ" ಅನ್ನೂದು, ಊರ ಮಂದಿ ಅಟ್ಟ ಏರಿಸೂದು, ಆಮ್ಯಾಲ ಎಂಟ ದಿನಕ್ಕೋ ಹದಿನೈದ ದಿನಕ್ಕೋ ಭೋರಡಿ ಬರೂದು. ಒಮ್ಮೊಮ್ಮೆ ಅಮಾಸಿ ತಡಾ ಆದ ವರ್ಷ ಎರಡ ದಿನ ಅಷ್ಟ ನಡುವ ಉಳೀತಿತ್ತು. ಆದ್ರೂ ಉಳೀತಿತ್ತು.

ಅತ್ತಿಗೆ ಹೊಲದಾಗ ತನ್ನದು ಅಂತ ಬಾವಿ ಮಗ್ಗಲ ನಾಲ್ಕ ಗುಂಟೆ ಜಾಗಾ ಇತ್ತು. ಕಾಗದದ ಮ್ಯಾಲ ಅಲ್ಲ ಮತ್ತ, ಬಾಯಿಮಾತಿನ ಮ್ಯಾಲ. ಅಲ್ಲಿ ಆಕಿ ತನ್ನ ತವರ ಮನಿ ಜ್ವಾಳ ಬಿತ್ತತಿದ್ಲು. ಲಗ್ನ ಆಗಿ ಬರೂವಾಗ ಆಕಿ ಅವ್ವ ಒಂದ ಸೋರಿಬುರುಡಿ ತುಂಬ ಬೀಜ ಕೊಟ್ಟು ಕಳಿಸಿದ್ಲಂತ. ತವರ ಮನ್ಯಾಗ ಆ ಜ್ವಾಳ ಎಂದೋ ಹೋಗಿತ್ತು, ಎಲ್ಲಾರೂ ಹೊಸಾ ಬೀಜಕ್ಕ ಬಿದ್ದಿದ್ರು. ಅತ್ತಿ ಮಾತ್ರ ವರ್ಷಾ ಬಿತ್ತಿ, ವರ್ಷಾ ಬೂದಿ ಬೇವಿನ ತಪ್ಪಲ ಹಾಕಿ ಅದ ಬುರುಡ್ಯಾಗ ಬೀಜ ಇಡತಿದ್ಲು. ಆ ಜ್ವಾಳದ ರೊಟ್ಟಿ ಅಷ್ಟಕ್ಕಷ್ಟ. ಆದ್ರ ಹಾಲಗಾಳಿದ್ದಾಗ ಕುಳ್ಳಿನ ಬೆಂಕ್ಯಾಗ ತೆನಿ ಸುಟ್ಟು ತಿಕ್ಕಿ ಸೀತನಿ ಮಾಡಿದ್ರ, ಯಪ್ಪಾ, ಬೆಲ್ಲ ಬೇಕಾಗತಿರಲಿಲ್ಲ. ನನ್ನ ಮೊದಲನೇ ಬಾಣಂತನ ಮುಗಿಸಿ ಬಂದಾಗ ಅತ್ತಿ ತಾನ ತಿಕ್ಕಿ, ಊದಿ, ನನ್ನ ಅಂಗೈಯಾಗ ಹಾಕಿದ್ಲು. ಆ ಮನ್ಯಾಗ ನನ್ನ ಮ್ಯಾಲ ಜೀವ ಇದ್ದದ್ದು ಆಕಿ ಒಬ್ಬಾಕಿದೇ.

ಮೊದಲನೇ ಸಲ ತಪ್ಪ ಹೇಳಿದೆ ಅಂದೆನಲ್ಲ, ಆ ವರ್ಷ ಸಾಲಿ ಭೂಗೋಳದ ಪಾಠಕ್ಕ ಅಂತ ಏನೋ ಓದಾಕತ್ತಿದ್ದೆ. ಭೂಮಿ ಕಾಯಾಕತ್ತದ, ಹಂಗಾಮ ಸರಿದಾಡಾಕತ್ತಾವ ಅಂತ ಮರಾಠಿ ಪೇಪರಿನ ರವಿವಾರದ ಪುರವಣ್ಯಾಗೂ ಬಂದಿತ್ತು. ನನಗ ಥಟ್ಟನೆ ಮಾವನ ಪಂಚಾಂಗ ನೆನಪಾದ್ವು. ಊರಿಗೆ ಹೋದಾಗ ಮಾವ ಮಧ್ಯಾಹ್ನ ಮಲಗಿದ್ದ ಹೊತ್ತ ನೋಡಿ, ವಸ್ತ್ರ ಬಿಚ್ಚಿ, ಮೂವತ್ತ ವರ್ಷದ ತಿಥಿ ಗಡಿಬಿಡಿಲೆ ವಹಿಯಾಗ ಬರಕೊಂಡೆ. ತಿಥಿ ಅಷ್ಟ. ಬಾಜೂಕ ಅಚ್ಚಾಗಿದ್ದ ತಾರೀಖ ಬರಕೊಳ್ಳಲಿಲ್ಲ. ಸೋಲಾಪುರಕ್ಕ ಬಂದು ಅಡಿಗಿಮನಿ ಗ್ವಾಡಿಗೆ ತೂಗಾಕಿದ್ದ ಆ ವರ್ಷದ ಕ್ಯಾಲೆಂಡರಿನ ಮ್ಯಾಲ ಎಲ್ಲಾ ತಿಥಿ ಹೊಂದಿಸಿದೆ. ಭೋರಡಿ ಮೊದಲಿಗಿಂತ ಹೆಚ್ಚು ಕಮ್ಮಿ ಒಂದ ತಿಂಗಳ ಮುಂಚೆ ಬರಾಕತ್ತಾವ ಅಂತ ಲೆಕ್ಕ ಬಂತು. ನನಗ ಹಾರೂದೊಂದ ಬಾಕಿ!

ಎಳ್ಳ ಅಮಾಸಿ ದಿನ ಹೊಲದಾಗ ಬನ್ನಿಗಿಡದ ಕೆಳಗ ಇಪ್ಪತ್ತ ಮಂದಿ ಊಟಕ್ಕ ಕುಂತಿದ್ರು. ನಾನು ಬಡಸೂದು ಬಿಟ್ಟು ನಿಂತು ಹೇಳಿದೆ. ತಿಂಗಳ ಮುಂಚೆ ಬರಾಕತ್ತಾವ, ಇನ್ನ ಮ್ಯಾಲ ಅಟ್ಟ ಮೊದಲ ಏರಿಸಬೇಕು, ಹಿಂಗಾದ್ರ ಬೆಳಿ ಹೋಗತದ, ಎಲ್ಲಾ ಹೇಳಿದೆ. ಮಾವ ರೊಟ್ಟಿ ಮುರಿಯೂದು ನಿಂದರಸಲಿಲ್ಲ.

"ಮಾಸ್ತರಬಾಯಿ, ನಿನ್ನ ಲೆಕ್ಕದಾಗ ಧೋಂಡ್ಯಾ ಎಲ್ಲಿ ಹೋತು?" ಅಂದ್ರು.

ಧೋಂಡ್ಯಾ ಅಂದ್ರ ಅಧಿಕ ಮಾಸ. ಎರಡೂವರಿ ಮೂರ ವರ್ಷಕ್ಕೊಮ್ಮೆ ಬರೂ ಹೆಚ್ಚಿನ ತಿಂಗಳು. ಅದು ಬಂದಾಗ ತಿಥಿ ಎಲ್ಲಾ ಮುಂದ ಜಿಗೀತಾವ, ಬರದಾಗ ಹಿಂದ ಸರೀತಾವ. ಒಂದ ವರ್ಷದ ತಿಥಿ ಇನ್ನೊಂದ ವರ್ಷದ ತಾರೀಖಿಗೆ ಕೂಡೂದಿಲ್ಲ. ಎತ್ತ ಕಾಯೂ ಹುಡುಗಗೂ ಗೊತ್ತಿದ್ದ ಮಾತು. ಭೂಗೋಳದ ಮಾಸ್ತರಬಾಯಿಗೆ ಗೊತ್ತಾಗಲಿಲ್ಲ.

"ಧೋಂಡ್ಯಾದಾಗ ನಿನ್ನ ಗಂಡ ನಿಮ್ಮ ಅಪ್ಪನ ಮನ್ಯಾಗ ಕುಂತು ಅನಾರಸ ತಿಂದ ಬಂದಾನಲ್ಲ, ಅದೂ ಮರತಿಯೇನು?" ಅಂದ್ರು ಮಾವ. ಆ ತಿಂಗಳದಾಗ ಅಳಿಯನ್ನ ಕರದು ಅನಾರಸ ಅನ್ನೂ ಸಿಹಿ ತಿನಸೂದು ನಮ್ಮ ಕಡಿ ಪದ್ಧತಿ. ಇಪ್ಪತ್ತ ಮಂದಿ ಹೊಟ್ಟಿ ಹಿಡಕೊಂಡ ನಕ್ರು. ನನ್ನ ಗಂಡನೂ ನಕ್ಕ. ಅಡ್ಡಗ್ವಾಡಿ ಮ್ಯಾಲಿನ ದೀಪ ಅಂವ, ಯಾವತ್ತೂ ಎರಡೂ ಕಡಿ ಬೆಳಕ. ನನ್ನ ಕೈಯಾಗಿನ ಎಣಗಾಯಿ ಬೋಗುಣಿ ಮಾವನ ತಲಿ ಮ್ಯಾಲ ಸುರೀಬೇಕು ಅನ್ನಸ್ತು. ಸುರೀಲಿಲ್ಲ. ಇವತ್ತಿಗೂ ಆ ಬಗ್ಗೆ ಸ್ವಲ್ಪ ಹಳಹಳಿ ಅದ.

ನಾನೂ ಹಟದಾಕಿ. ಬ್ಯಾಸಗಿ ಸೂಟ್ಯಾಗ ಹೋಗಿ, ಕೈಕಾಲ ತೊಳಕೊಂಡು, ಮಾವನ ಎದುರಿಗೇ ಕುಂತು, ಈ ಸಲ ತಿಥಿ ಬಾಜೂಕಿನ ತಾರೀಖ ಬರಕೊಂಡೆ. ಎರಡ ದಿನ ಹಿಡೀತು. ಮಾವ ಮೀಸ್ಯಾಗ ನಕ್ಕೋತ ಓಡಾಡಿದ್ರು. ತಿಂಗಳ ಅನ್ನೂದು ಸುಳ್ಳಾತು. ಖರೇ ಉಳದದ್ದು ಒಂದ ವಾರ, ವಾರದ ಮ್ಯಾಲ ಒಂದೆರಡ ದಿನ. ಅದೂ ಕಡೀ ಏಳೆಂಟ ವರ್ಷದಾಗ ಜಾಸ್ತಿ ಸರದಿತ್ತು. ಹಕ್ಕೀನ ಮೊದಲ ಬರಾಕತ್ತಿದ್ವೋ, ಥಂಡಿ ಕಡಿಮ್ಯಾಗಿ ಜ್ವಾಳ ಲಗೂನ ಹಾಲ ತುಂಬೂದಕ್ಕ ಅವು ಲಗೂನ ಇಳೀತಿದ್ವೋ, ನನಗ ಗೊತ್ತಿಲ್ಲ. ಎರಡೂ ಇದ್ದೀತು. ಒಂದ ವಾರ ಅಂದ್ರ ಯಾರಿಗೂ ದೊಡ್ಡದ ಅನಸೂದಿಲ್ಲ. ಆದ್ರ ಬರೂ ವರ್ಷ ಮತ್ತ ಧೋಂಡ್ಯಾ ಇತ್ತು. ಎಳ್ಳ ಅಮಾಸಿ ಡಿಸೆಂಬರದಾಗ ಬರದ ಜನೆವರಿಗೆ ಹೋಗಿ ಬೀಳತಿತ್ತು. ಬಿತ್ತೂದು ಮಳಿ ನಕ್ಷತ್ರಕ್ಕ, ಅದು ಸೂರ್ಯನ ಲೆಕ್ಕ. ಕಾಯೂದು ಅಮಾಸಿಗೆ, ಅದು ಚಂದ್ರನ ಲೆಕ್ಕ. ಹಕ್ಕಿಗೆ ಎರಡರ ಹಂಗೂ ಇಲ್ಲ.

ಮಾವಗ ಹೇಳಿದೆ. "ಹೋದ ಸಲ ಒಂದ ತಿಂಗಳ, ಈ ಸಲ ಒಂದ ವಾರ. ಮುಂದಿನ ಸಲ ಒಂದ ತಾಸ ಅಂತಿ" ಅಂದು ಎದ್ದ ಹೋದ್ರು.

ಒಲಿ ಮುಂದ ಕುಂತಿದ್ದ ಅತ್ತಿಗೆ ಎಲ್ಲಾ ಕೇಳಿಸಿತ್ತು. ಆಕಿಗೆ ಅಕ್ಷರ ಬರತಿರಲಿಲ್ಲ. "ಯವ್ವಾ, ನನ್ನ ಜ್ವಾಳಕ್ಕ ಏನ ಮಾಡಲಿ?" ಅಂತ ಕೇಳಿದ್ಲು. ಇಡೀ ಊರಾಗ ನನ್ನ ಮಾತ ನಂಬಿದಾಕಿ ಆಕಿ ಒಬ್ಬಾಕೀನ. ನನಗ ಎಲ್ಲಿಲ್ಲದ ಉಮೇದ ಬಂತು. ಎಲ್ಲಾರೂ ಉತ್ತರಿ ಮಳಿಗೆ, ಹಸ್ತ ಮಳಿಗೆ ಬಿತ್ತಲಿ, ನೀವು ಅದಕ್ಕಿಂತ ಮೊದಲಿನ ಹುಬ್ಬಿ ಮಳಿಗೇ ಬಿತ್ರಿ ಅತ್ತಿ, ಹಕ್ಕಿ ಬರೂದ್ರಾಗ ನಿಮ್ಮ ತೆನಿ ಗಟ್ಟಿ ಆಗಿರತಾವ ಅಂದೆ. ಅಷ್ಟಕ್ಕ ಸುಮ್ಮನಾಗಿದ್ರ ಬೇಕಾಗಿತ್ತು. ಬುರುಡ್ಯಾಗ ಯಾಕ ಉಳಸತೀರಿ, ಎಲ್ಲಾ ಬೀಜ ಹಾಕ್ರಿ, ನಾಲ್ಕ ಸಾಲ ಹೆಚ್ಚಾದ್ರ ಹಕ್ಕಿಗೆ ಹೋಗಿ ನಮಗೂ ಉಳೀತದ ಅಂತನೂ ಅಂದೆ. ಆಕಿ ವರ್ಷಾ ಎರಡ ಹಿಡಿ ಬೀಜ ಬುರುಡಿ ತಳದಾಗ ಬಿಡತಿದ್ಲು, ಹಂಗ ಬಿಡಬೇಕು ಅಂತ ಆಕಿ ಅವ್ವ ಹೇಳಿದ್ಲಂತ. ಆ ವರ್ಷ ಬಿಡಲಿಲ್ಲ. ಬುರುಡಿ ಬೋರಲ ಹಾಕಿ ಬಡದು ಬಿತ್ತಿದ್ಲು.

ದೀಪಾವಳಿಗೆ ಹೋದಾಗ ಅತ್ತಿಯ ಜ್ವಾಳ ಎದಿಮಟ ನಿಂತಿತ್ತು, ಉಳದ ಹೊಲ ಇನ್ನೂ ಮೊಣಕಾಲಷ್ಟ. ಮಾವಗ ಮತ್ತ ಕೇಳಿದೆ. "ಮಾವಾರ, ಎಲ್ಲಾ ಹೊಲಕ್ಕ ಬ್ಯಾಡ್ರಿ. ಅತ್ತಿಯ ನಾಲ್ಕ ಗುಂಟೆಗೆ ಅಷ್ಟ ಅಮಾಸಿಗಿಂತ ಮೊದಲ ಒಂದ ಅಟ್ಟ ಏರಸ್ರಿ."

"ನಾನ ಏರಿಸಿದ್ರ ಊರ ಏರಸ್ತದ. ಊರ ಮಂದಿ ಎಲ್ಲಾ ಬಸುರಿ ಹೊಲಕ್ಕ ಕಲ್ಲ ಒಗಿಯೂ ಪಾಪ ಯಾರ ಹೊರತಾರ, ನಿಮ್ಮ ಸಾಲಿ ಹೊರತದೇನು?"

"ಹಕ್ಕಿ ತಿಂದ ಹೋದ್ರ ಆ ಪಾಪ ಯಾರದು?"

"ಇಷ್ಟ ವರ್ಷ ತಿಂದಿಲ್ಲ" ಅಂದ್ರು. "ನೀ ಬಂದ ಮ್ಯಾಲ ತಿನ್ನಾಕ ಹತ್ಯಾವ ಅಂತೀಯೇನು?"

ಮಾವ ಮೂಢ ಅಲ್ಲ, ಅದನ್ನ ಹೇಳಲೇಬೇಕು. ಪಂಚಾಂಗದಾಗಿನ ಅಕ್ಷರ ಅವರವೇ, ವಾರದ ಲೆಕ್ಕ ನನ್ನಕಿಂತ ಮೊದಲ ಅವರಿಗೇ ಗೊತ್ತಾಗಿತ್ತು ಅಂತ ನನಗ ಇವತ್ತಿಗೂ ಸಂಶೆ ಅದ. ಗೊತ್ತಿದ್ದೂ ಒಪ್ಪದವರ ಮ್ಯಾಲ ನನಗ ಹೆಚ್ಚ ಸಿಟ್ಟು. ಗಂಡಗ ಹೇಳಿದ್ರ "ನಿಂದೂ ಖರೆ, ಅಪ್ಪಂದೂ ಖರೆ" ಅಂದ. ಸೋಲಾಪುರದ ನವಿ ಪೇಠದ ಅಂಗಡ್ಯಾಗ ಎರಡ ಸೀರಿ ಮುಂದಿಟ್ಟಾಗೂ ಅಂವ ಹಿಂಗ ಅಂತಿದ್ದ.

ಡಿಸೆಂಬರದಾಗ ಒಂದ ಶನಿವಾರ. ಸಾಲಿ ಅರ್ಧಾ ದಿನ. ಮನಸಿಗೆ ಸಮಾಧಾನ ಇರಲಿಲ್ಲ, ಒಬ್ಬಾಕೀನ ಎಸ್ಟಿ ಹತ್ತಿದೆ. ಆ ವರ್ಷ ಥಂಡಿ ಅನ್ನೂದು ಹೆಸರಿಗಷ್ಟ. ಡಿಸೆಂಬರದಾಗ ಎಸ್ಟಿ ಖಿಡಕಿ ತಗದ ಕುಂತ್ರೂ ಬೆವರ ಬರಾಕತ್ತಿತ್ತು. ಅಮಾಸಿಗೆ ಇನ್ನೂ ಮೂರ ವಾರ. ಊರಿನ ದಾರಿ ಒಡಿಯೂ ಫಾಟಾಕ್ಕ ಇಳದು ನಡಕೋತ ಹೊಂಟ್ರ ಬಾವಿ ಕಡಿಂದ ಕಿಚಪಿಚ ಕಿಚಪಿಚ ಸಪ್ಪಳ, ಸಂತಿ ಕೂಡಿದಂಗ. ಮನಿಗೆ ಹೋಗಲಿಲ್ಲ, ಸೀದಾ ಹೊಲಕ್ಕ ಓಡಿದೆ.

ಸುತ್ತ ಎಲ್ಲೂ ಕುಂತಿರಲಿಲ್ಲ ಅವು. ಯಾಕ ಕುಂದರತಾವ? ಉಳದ ಹೊಲದಾಗ ಇನ್ನೂ ತೆನೀನ ಹೊಡದಿಲ್ಲ. ಹತ್ತ ಹರದಾರ್ಯಾಗ ಹಾಲಗಾಳ ಇದ್ದದ್ದು ಅತ್ತಿಯ ನಾಲ್ಕ ಗುಂಟೆಯಾಗ ಅಷ್ಟ. ನನ್ನ ಲೆಕ್ಕಕ್ಕ ಗಟ್ಟಿ ಆಗಬೇಕಾಗಿದ್ದ ಕಾಳು ಆಗಿರಲಿಲ್ಲ, ನನ್ನ ಲೆಕ್ಕಕ್ಕ ಇನ್ನೂ ಬರಬಾರದಾಗಿದ್ದ ಹಕ್ಕಿ ಬಂದಿದ್ವು. ಊರ ಮ್ಯಾಲಿನ ಎಲ್ಲಾ ಭೋರಡಿಗೂ ನಾನ ತಾಟ ಹಾಕಿ ಬಡಸಿ ಇಟ್ಟಿದ್ದೆ.

ಅತ್ತಿ ಬದುವಿನ ಮ್ಯಾಲ ನಿಂತಿದ್ಲು. ಸೆರಗ ಎರಡೂ ಕೈಯಾಗ ಹಿಡದು ಬೀಸಾಕತ್ತಿದ್ಲು. ಕಲ್ಲಿಲ್ಲ, ಕವಣಿ ಇಲ್ಲ, ಬಾಯಾಗ "ಹೋ" ಅಂತ ಒಂದ ಕೂಗಿಲ್ಲ. ತುಟಿ ಒತ್ತಿ ಹಿಡಕೊಂಡು ಬರೇ ಸೆರಗ ಬೀಸೂದು. ಹಕ್ಕಿ ಈ ದಂಡಿಂದ ಎದ್ದು ಆ ದಂಡಿಗೆ ಕುಂದರಾಕತ್ತಿದ್ವು. ಆಕಿ ಆ ದಂಡಿಗೆ ಓಡತಿದ್ಲು, ಅವು ಈ ದಂಡಿಗೆ ಬರತಿದ್ವು. ಮುಂಜಾನಿಂದ ಹಿಂಗ ಮಾಡಾಕತ್ತೀನಿ ಅಂದ್ಲು. ಕಾಲಾಗ ಚಪ್ಪಲಿ ಇರಲಿಲ್ಲ.

ನಾನು ಮನಿಗೆ ಓಡಿ ಗೂಟಕ್ಕ ತೂಗಾಕಿದ್ದ ಕವಣಿ ಹರಕೊಂಡ ಬಂದೆ. ಕಟ್ಟಿ ಮ್ಯಾಲ ಕುಂತಿದ್ದ ಮಾವ "ಏ! ಏ!" ಅಂದ್ರು, ತಿರುಗಿ ನೋಡಲಿಲ್ಲ. ಹೊಲಕ್ಕ ಬಂದು ಕಲ್ಲ ಇಟ್ಟು ಕೈ ಎತ್ತಿದೆ. ಅತ್ತಿ ನನ್ನ ಮುಂಗೈ ಹಿಡದ್ಲು.

"ಬ್ಯಾಡ ಯವ್ವಾ. ಬಸುರಿ ಹೊಲ ಅದ, ಕಲ್ಲ ಒಗೀಬ್ಯಾಡ."

"ಬಸುರಿ ಹೊಟ್ಟೀನ ಹರದ ತಿನ್ನಾಕತ್ತಾವಲ್ಲ ಅತ್ತಿ, ಕಣ್ಣಿಗೆ ಕಾಣವಲ್ದೇನು?" ಅಂತ ಒದರಿದೆ. ಅತ್ತಿಗೆ ಎಂದೂ ಏರಿದ ದನಿಲೆ ಮಾತಾಡಿದಾಕಿ ಅಲ್ಲ ನಾನು. ಆವತ್ತ ಬಾಯಿಗೆ ಬಂದಂಗ ಬೈದೆ. ಮಾವಗ ಬೈದೆ, ಊರಿಗೆ ಬೈದೆ, ಅಮಾಸಿಗೆ ಬೈದೆ. ಆಕಿ ಕೈ ಬಿಡಲಿಲ್ಲ. ಕಣ್ಣಾಗ ನೀರ ಸುರೀತಿತ್ತು, ಕೈ ಮಾತ್ರ ಕಬ್ಬಿಣದಂಗ. ಬೇಕಾಗಿದ್ರ ನಾನು ಕಸಗೋಬಹುದಾಗಿತ್ತು, ಆಕಿಗೆ ವಯಸ್ಸಾಗಿತ್ತು. ಕಸಗೊಳ್ಳಲಿಲ್ಲ. ಯಾಕ ಅಂತ ನನಗ ಇನ್ನೂ ತಿಳದಿಲ್ಲ.

ಹೊತ್ತ ಮುಳಗೂವಾಗ ಹಕ್ಕಿ ಎದ್ದು ಜಾಲಿಗಿಡಕ್ಕ ಹೋದ್ವು. ರವಿವಾರ ಮುಂಜಾನೆ ಮತ್ತ ಬಂದು ಉಳದದ್ದು ಮುಗಿಸಿದ್ವು. ತೆನಿ ಅನ್ನೂವು ಖಾಲಿ ಕಸಬರಗಿ ಆಗಿ ನಿಂತ್ವು. ಬೀಜಕ್ಕ ಅಂತ ಒಂದ ಹಿಡಿಯರೆ ಸಿಕ್ಕೀತು ಅಂತ ನಾನೂ ಅತ್ತಿ ಸಾಲ ಸಾಲ ಹುಡುಕಿದ್ವಿ. ಅಲ್ಲೊಂದ ಇಲ್ಲೊಂದ ಕಾಳ ಸಿಕ್ಕವು, ಎಲ್ಲಾ ಹಾಲಗಾಳು, ಒತ್ತಿದ್ರ ಉಗುರಿಗೆ ಹತ್ತೂವಂಥವು. ಅವನ್ನ ಒಣಗಿಸಿದ್ರ ಮುದುಡಿ ಹೊಟ್ಟಾದ್ವು. ಮಾವ ಬಂದು ಹೊಲದ ತಲಿ ಕಡಿ ನಿಂತ್ರು, ನೋಡಿದ್ರು. "ಈ ವರ್ಷ ಅಮಾಸಿ ತಡಾ ಆತು" ಅಂದು ಹೊಳ್ಳಿ ಹೋದ್ರು. ಹಕ್ಕಿ ಮೊದಲ ಬಂದ್ವು ಅನ್ನಲಿಲ್ಲ. ಅಷ್ಟಾದ್ರೂ ಬಾಯಿ ಬಿದ್ದ ಹೋಗಿತ್ತೇನು ಅವರದು!

ಮೂರ ವಾರಕ್ಕ ಎಳ್ಳ ಅಮಾಸಿ ಬಂತು. ನನಗ ಹೋಗೂ ಮನಸಿರಲಿಲ್ಲ. ಅತ್ತಿ ಸಲುವಾಗಿ ಹೋದೆ. ಎಲ್ಲಾ ಹೊಲಕ್ಕ ಚರಗ ಚೆಲ್ಲಿದ್ರು. ಬಾವಿ ಮಗ್ಗಲಿನ ನಾಲ್ಕ ಗುಂಟೆ ಬಂದಾಗ ಮಾವ ದಾಟಿ ಮುಂದ ಹೋದ್ರು. ಅತ್ತಿ ಅವರ ಕೈಯಾಗಿನ ಬೋಗುಣಿ ಇಸಗೊಂಡು, ತಾನ ಒಬ್ಬಾಕಿ ಆ ಖಾಲಿ ದಂಟಿನ ನಡುವ ತಿರುಗಿ ಚರಗ ಚೆಲ್ಲಿ ಬಂದ್ಲು.

ಊಟ ಆದ ಮ್ಯಾಲ ಬನ್ನಿಗಿಡದ ಕೆಳಗ ಮಾವ ಪಂಚಾಂಗ ತಗದ್ರು, ಆ ವರ್ಷದ್ದು, ಇನ್ನೂ ಕೆಂಪ ವಸ್ತ್ರಕ್ಕ ಸೇರದ್ದು. ಭೋರಡಿದ್ದು ಇನ್ನೂ ಬರದಿರಲಿಲ್ಲ ಅವರು. ಪೆನ್ಸಿಲ್ ಖಾನಿ ತನಕ ಒಯ್ದು ಎತ್ತಿದ್ರು. ಆಮ್ಯಾಲ ನನ್ನ ಕಡಿ ಸರಿಸಿದ್ರು.

"ನೀನ ಬರಿ, ಮಾಸ್ತರಬಾಯಿ. ನನ್ನ ಕಣ್ಣಿಗೆ ಖಾನಿ ಕಾಣವಲ್ದು."

ಕಣ್ಣು ಚೊಲೋನೇ ಇದ್ವು ಅವರವು. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತ ಬಾಯಿತನಕ ಬಂದಿತ್ತು, ನುಂಗಿದೆ. ಹಾಳಿ ಹಿಂದಕ ತಿರುವಿ ಆ ಶನಿವಾರದ ಖಾನ್ಯಾಗ ಬರದೆ. ನನ್ನ ಕನ್ನಡ ಅಕ್ಷರ ಆವಾಗ ಎಳಿ ಹುಡುಗರ ಅಕ್ಷರದಂಗ ಇದ್ವು.

"ಏನ ಬರದಿ?" ಅಂತ ಅತ್ತಿ ಕೇಳಿದ್ಲು.

"ಭೋರಡಿ ಬಂದ್ವು ಅಂತ ಬರದೆ ಅತ್ತಿ."

"ನನ್ನ ಜ್ವಾಳ ಹೋದದ್ದನ್ನೂ ಬರಿ."

ಮಾವ ತಲಿ ಎತ್ತಿ ನೋಡಿದ್ರು, ಬ್ಯಾಡ ಅನ್ನಲಿಲ್ಲ. ನಾನು ಪೆನ್ಸಿಲ್ ಊರಿದೆ. "ಏನಂತ ಬರೀಲಿ? ಆ ಜ್ವಾಳದ ಹೆಸರೇನು?" ಅಂದೆ.

ಅತ್ತಿ ಲಗ್ನಾಗಿ ಬಂದಾಗಿಂದ ಆ ಮನ್ಯಾಗ ಆ ಜ್ವಾಳ ಬಿತ್ಯಾರ, ಕೊಯ್ದಾರ, ಸುಟ್ಟ ತಿಂದಾರ, ಅದಕ್ಕ ಹೆಸರೇನು ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ನಮ್ಮವ್ವನ ಜ್ವಾಳ ಅಂತ ಬರಿ" ಅಂದ್ಲು.

ಬರದೆ. ಆ ಖಾನಿ ಸಾಲಲಿಲ್ಲ, ಮರುದಿನದ ಖಾನಿಗೂ ಹೋತು. ಓದು ಅಂದ್ಲು, ಓದಿದೆ. ಇನ್ನೊಮ್ಮೆ ಓದು ಅಂದ್ಲು, ಇನ್ನೊಮ್ಮೆ ಓದಿದೆ. ಯಾರ ಮಾತ ಕೇಳಿ ಬುರುಡಿ ಖಾಲಿ ಮಾಡಿದ್ಲು ಅನ್ನೂದನ್ನ ನಾನು ಬರೀಲಿಲ್ಲ. ಆಕಿನೂ ಬರಿ ಅನ್ನಲಿಲ್ಲ.